ಪಕ್ಕದ ಸೀಟು

ಗೇಟಿನ ಕಂಬಕ್ಕೆ ಕಾರು ತಾಗಿದ ದಿನದಿಂದ ಮನೆಯವರೆಲ್ಲ ಅವಳೊಡನೆ ಮೆಲ್ಲಗೆ ಮಾತನಾಡತೊಡಗಿದ್ದರು, ಸೊಸೆಯೊಬ್ಬಳನ್ನು ಬಿಟ್ಟು. ಸೊಸೆ ಜೋರಾಗಿ ಮಾತನಾಡತೊಡಗಿದ್ದಳು. ಕಂಬಕ್ಕೂ ತನ್ನ ಕಿವಿಗೂ ಏನು ಸಂಬಂಧವೆಂದು ಅತ್ತೆಗೆ ಹೊಳೆಯಲಿಲ್ಲ. "ಅತ್ತೇ! ಟೀ ಇಟ್ಟಿದ್ದೀನಿ! ಬಿಸಿ ಇದೆ!" ಎಂದು ಸೊಸೆ ಹೊಳೆಯ ಆಚೆ ದಡದವರನ್ನು ಕರೆಯುವ ದನಿಯಲ್ಲಿ ಕೂಗಿದಾಗ ಅವಳು ಅಲ್ಲೇ, ಕೈ ಚಾಚಿದರೆ ಸಿಗುವ ದೂರದಲ್ಲಿ, ಶೂ ಲೇಸು ಕಟ್ಟುತ್ತ ಕೂತಿದ್ದಳು. ಟೀ ಬಿಸಿಯಾಗಿರುವುದೂ ಒಂದು ಸುದ್ದಿಯೇ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ನಲವತ್ತರಲ್ಲಿ ಆಡಿದ್ದರೆ ಅದು ಖಾರದ ಮಾತು. ಕೇಳಿದವರು ನಾಲ್ಕು ಜನಕ್ಕೆ ಹೇಳಿ ನಗುತ್ತಿದ್ದರು. ಈಗ ಆಡಿದರೆ ಗೊಣಗಾಟ. ಮಾತು ಅದೇ, ಬಾಯಿ ಅದೇ, ಹಲ್ಲುಗಳೂ ಹೆಚ್ಚುಕಡಿಮೆ ಅವೇ. ಲೇಸು ಕಟ್ಟಿ, ಕಟ್ಟಿದೆನೇ ಎಂದು ನೋಡಿ, ನೋಡಿದ್ದು ಸಾಲದೆಂದು ಬಿಚ್ಚಿ ಮತ್ತೆ ಕಟ್ಟಿದಳು. ಈ ವಾರವೆಲ್ಲ ಹೀಗೆಯೇ. ಗ್ಯಾಸ್ ಆರಿಸಿದೆನೇ, ಬಾಗಿಲು ಹಾಕಿದೆನೇ, ಈಗ ಹೇಳಿದ್ದನ್ನು ಆಗಲೇ ಹೇಳಿದ್ದೆನೇ. ಮೊನ್ನೆ ಸೊಸೆ ಫೋನಿನಲ್ಲಿ ಯಾರಿಗೋ, ಆ ಹೊತ್ತು ಮಾತ್ರ ಪಿಸುದನಿಯಲ್ಲಿ, "ಅರವತ್ತಕ್ಕೆ ಅರಳು ಮರಳು ಅಂತಾರಲ್ಲ, ನಮ್ಮತ್ತೆಗೆ ಸ್ವಲ್ಪ ಲೇಟಾಗಿ ಶುರು ಆಗಿದೆ ಅಷ್ಟೆ" ಎಂದದ್ದು ಗೋಡೆ ದಾಟಿ ಸ್ಪಷ್ಟವಾಗಿ ಕೇಳಿಸಿತ್ತು. ಕಿವಿ ಸರಿಯಿದೆ ಎಂಬುದಕ್ಕೆ ಅವಳ ಬಳಿ ಇದ್ದ ಪುರಾವೆ ಅದೊಂದೇ. ಅದನ್ನು ಯಾರಿಗೂ ತೋರಿಸುವಂತಿರಲಿಲ್ಲ. ಆ ಗಾದೆ ಕಟ್ಟಿದವನು ಇಪ್ಪತ್ತೈದರೊಳಗಿನ ಪಡ್ಡೆಯೇ ಇರಬೇಕು. ಅರವತ್ತಾದವನು ಕಟ್ಟಿದ್ದರೆ ಇಪ್ಪತ್ತಕ್ಕೆ ಏನೇನಾಗುತ್ತದೆ ಎಂಬುದನ್ನೂ ಸೇರಿಸದೆ ಬಿಡುತ್ತಿರಲಿಲ್ಲ.

ಊರಿಗೆ ಅವಳು ಬ್ರೇಕಮ್ಮ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುವವರ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕು ಇರುತ್ತದೆ, ಕಲಿಸುವವರ ಕಾಲಿಗೆಂದು. ಅರ್ಧ ಆಯುಷ್ಯವನ್ನು ಅವಳು ಆ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಕಳೆದಿದ್ದಳು. ಯಾವನೋ ಶಿಷ್ಯ ಬೆನ್ನ ಹಿಂದೆ ಇಟ್ಟ ಹೆಸರು ಮೆಲ್ಲಗೆ ಮುಂದಕ್ಕೆ ಬಂದು ಎದುರಿಗೇ ಕೂತುಬಿಟ್ಟಿತ್ತು. ಅವಳಿಗೆ ಬೇಸರವಿರಲಿಲ್ಲ. ಕಲಿಯಲು ಬಂದ ಒಬ್ಬ ನ್ಯಾಯಾಧೀಶರಿಗೆ "ಸಾರ್, ನಿಮ್ಮ ಬಲಗಾಲಿಗೆ ಬುದ್ಧಿ ಕಮ್ಮಿ" ಎಂದು ಹೇಳಿ ಒಪ್ಪಿಸಿದವಳು ಅವಳು. ಮದುವೆ ಬೇಡವೆಂದು ಮನೆ ಬಿಟ್ಟು ಹೋಗಲೆಂದೇ ಡ್ರೈವಿಂಗ್ ಕಲಿತ ಹುಡುಗಿಗೂ, ಅವಳನ್ನು ಹುಡುಕಲು ಹೊರಟ ಅಣ್ಣನಿಗೂ ಒಂದೇ ತಿಂಗಳಲ್ಲಿ ಕಲಿಸಿದವಳು. ಹುಡುಗಿಗೆ ಸ್ವಲ್ಪ ಚೆನ್ನಾಗಿ. ಈಗ ಸ್ಕೂಲು ಮಗನ ಕೈಯಲ್ಲಿದೆ. ಅವಳಿಗೆ ಬೆಳಗಿನ ಪಾಠಗಳು ಮಾತ್ರ. ಕಲಿಯುವವರು ಓಡಿಸುತ್ತಾರೆ, ಅವಳು ಪಕ್ಕದಲ್ಲಿ ಕೂರುತ್ತಾಳೆ. ಕೊನೆಯ ಶಿಷ್ಯನನ್ನು ಅವನ ಬಾಗಿಲಲ್ಲಿ ಇಳಿಸಿದ ಮೇಲೆ ಕಾರನ್ನು ಮನೆಗೆ ತರುವ ತುಸು ದೂರ ಮಾತ್ರ ಸ್ಟೀರಿಂಗ್ ಚಕ್ರ ಅವಳ ಕೈಗೆ ಬರುತ್ತದೆ. ಕಳೆದ ಶನಿವಾರ ಹಾಗೆ ತರುತ್ತಿದ್ದಾಗಲೇ ಗೇಟಿನ ಕಂಬ ಬಾಗಿಲನ್ನು ಉದ್ದಕ್ಕೆ ಗೀರಿದ್ದು. ಗೀರಿದ್ದು ಪಕ್ಕದ ಸೀಟಿನ ಬಾಗಿಲನ್ನು. ಮಗ ಬೈಯಲಿಲ್ಲ. ಬೈದಿದ್ದರೆ ಜಗಳವಾಡಬಹುದಿತ್ತು. ಅವನು ಬಂದು, ಗೀರನ್ನು ನೋಡಿ, ಅವಳ ಭುಜದ ಮೇಲೆ ಕೈಯಿಟ್ಟು "ನಿನಗೇನೂ ಆಗಲಿಲ್ಲ ತಾನೆ?" ಎಂದ. ಅಲ್ಲಿಗೆ ಮುಗಿಯಿತು. ಮರುದಿನ ಆಫೀಸಿಗೆ ಒಂದು ತಿರುಗುವ ಕುರ್ಚಿ ಬಂತು, ಮೆತ್ತನೆಯದು, ಪ್ಲಾಸ್ಟಿಕ್ ಸುತ್ತಿದ್ದು ಹಾಗೇ ಇತ್ತು. ಅದನ್ನು ಫೋನಿನ ಪಕ್ಕ ಇಟ್ಟರು. ಯಾರಿಗೆಂದು ಯಾರೂ ಹೇಳಲಿಲ್ಲ.

"ಸಂಜೆ ಗ್ರೌಂಡ್‌ಗೆ ಹೋಗೋಣ ಅಮ್ಮ," ಎಂದ ಮಗ, ಬ್ರೆಡ್ಡಿಗೆ ಬೆಣ್ಣೆ ಸವರುತ್ತ, ಬೆಣ್ಣೆಯನ್ನೇ ನೋಡುತ್ತ. "ಸುಮ್ನೆ ಒಂದ್ಸಲ ನೋಡೋಣ."

"ಏನು ನೋಡೋದು?"

"ನೀನು ಓಡಿಸು. ನಾನು ಪಕ್ಕದಲ್ಲಿ ಕೂತ್ಕೋತೀನಿ."

"ಸರಿ ಹೋಗದಿದ್ರೆ?"

ಬೆಣ್ಣೆ ಬ್ರೆಡ್ಡಿನ ಅಂಚಿನವರೆಗೂ ಹೋಗಿ ವಾಪಸು ಬಂತು. "ಸೋಮವಾರದಿಂದ ಫೋನ್ ನೋಡ್ಕೋ. ಒಬ್ಬಳು ಇನ್‌ಸ್ಟ್ರಕ್ಟರ್ ಸಿಕ್ಕಿದ್ದಾಳೆ, ಬೆಳಗಿನದನ್ನ ಅವಳು ತಗೋತಾಳೆ. ಅಮ್ಮ, ನಂಗೇನೂ ಇಲ್ಲ. ಫೋನ್ ಮಾಡೋರೇ ಕೇಳ್ತಾರೆ, ಆ ಅಜ್ಜಿನಾ ಕಲಿಸೋದು ಅಂತ. ಏನ್ ಹೇಳ್ಲಿ?"

"ಅಜ್ಜಿಗೆ ಬ್ರೇಕ್ ಇದೆ ಅಂತ ಹೇಳು."

ಮಗ ನಕ್ಕ. ಆ ನಗುವಿನಲ್ಲಿ ಉದಾರತೆಯಿತ್ತು. ಮಗುವೊಂದು ತಾನೇ ಶೂ ಹಾಕಿಕೊಂಡಿತೆಂದು ನಗುವಂಥದ್ದು. ಅವಳು ಟೀ ಕುಡಿದಳು. ಬಿಸಿಯಿರಲಿಲ್ಲ.

ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವ ಹುಡುಗಿ ಆ ಬೆಳಗಿನ ಕೊನೆಯ ಶಿಷ್ಯೆ. ಚಕ್ರವನ್ನು ಔಷಧದ ಶೀಶೆಯಂತೆ ಹಿಡಿಯುತ್ತಿದ್ದಳು, ಅಲುಗಿದರೆ ಚೆಲ್ಲುತ್ತದೆಂಬಂತೆ. ಒಳ್ಳೆಯ ಹುಡುಗಿ, ಮಾತು ಜಾಸ್ತಿ. ಅಂಗಡಿಗೆ ಬರುವವರಲ್ಲಿ ಯಾರು ಯಾವ ಮಾತ್ರೆಯನ್ನು ಯಾರಿಗೆಂದು ಸುಳ್ಳು ಹೇಳಿ ಒಯ್ಯುತ್ತಾರೆ ಎಂದು ಹೇಳುತ್ತ ಗೇರು ಬದಲಾಯಿಸುತ್ತಿದ್ದಳು. "ಮೇಡಂ, ಒಬ್ರು ಬರ್ತಾರೆ, ನೆನಪಿನ ಶಕ್ತಿಗೆ ಒಂದು ಮಾತ್ರೆ ಇದೆ, ಅದು ತಗೊಂಡು ದುಡ್ಡು ಕೊಡೋದು ಮರೆತು ಹೋಗ್ತಾರೆ!" ಬ್ರೇಕಮ್ಮ ನಗಬೇಕಿತ್ತು, ಹಿಂದೆ ಇಂಥದ್ದಕ್ಕೆ ತಾನೇ ಇನ್ನೆರಡು ಸೇರಿಸುತ್ತಿದ್ದಳು. ಅವಳ ಗಮನ ತನ್ನ ಕಾಲಿನ ಮೇಲಿತ್ತು. ಬ್ರೇಕಿನ ಮೇಲೆ ಕಾಲು ಇದೆಯೇ, ಇದ್ದರೆ ಎಷ್ಟು ಇದೆ, ಬೇಕಾದಾಗ ಒತ್ತೀತೇ. ಇಷ್ಟು ಕಾಲ ಆ ಕಾಲನ್ನು ಅವಳು ಕೇಳಿದವಳಲ್ಲ. ಅದು ತನ್ನ ಪಾಡಿಗೆ ತಾನು, ಮನೆಯಲ್ಲಿ ಸದ್ದಿಲ್ಲದೆ ಕೆಲಸ ಮಾಡುವ ದೊಡ್ಡಮ್ಮನ ಹಾಗೆ, ಎಲ್ಲ ನೋಡಿಕೊಂಡಿತ್ತು. ಅವಳು ಬಾಯಿತುಂಬ ಮಾತಾಡುತ್ತಿದ್ದಾಗಲೇ ಅದು ಎಮ್ಮೆ, ಚೆಂಡು, ಸೈಕಲ್ಲು, ಒಮ್ಮೆ ಓಡಿಹೋಗುತ್ತಿದ್ದ ಕಳ್ಳ, ಎಲ್ಲರನ್ನೂ ಬದುಕಿಸಿತ್ತು. ಈಗ ಒಡತಿ ಬಂದು ಪಕ್ಕದಲ್ಲಿ ನಿಂತು "ಸರಿಯಾಗಿ ಮಾಡ್ತಿದ್ದೀಯಾ? ಕೈ ನಡುಗ್ತಿದೆಯಾ?" ಎಂದು ಕೇಳತೊಡಗಿದರೆ ಯಾವ ದೊಡ್ಡಮ್ಮ ತಾನೇ ಲೋಟ ಬೀಳಿಸುವುದಿಲ್ಲ? ನಿಂತಿದ್ದ ಎರಡು ವ್ಯಾನುಗಳ ನಡುವಿನಿಂದ ಹೆಗಲ ಮೇಲೆ ಏಣಿ ಹೊತ್ತ ಬಣ್ಣ ಹೊಡೆಯುವವನು ರಸ್ತೆಗೆ ಬಂದ. ಮೊದಲು ಏಣಿ ಬಂತು, ಆಮೇಲೆ ಅವನು. ಅವಳು ಏಣಿಯನ್ನು ಕಂಡಳು. ಏಣಿ ಎಂದೂ ಅಂದುಕೊಂಡಳು. ಈಗ ಒತ್ತಬೇಕು ಎಂದು ಕಾಲಿಗೆ ಹೇಳಿ ಕಳಿಸಿದಳು, ಕಾಲು ಒತ್ತುತ್ತದೆಯೇ ಎಂದು ನೋಡುತ್ತ ಕೂತಳು. ಕಾರು ನಿಂತಿತು. ಹುಡುಗಿ ನಿಲ್ಲಿಸಿದ್ದಳು.

"ಮೇಡಂ!" ಹುಡುಗಿಯ ಮುಖ ಅರಳಿತ್ತು. "ನೀವು ಹಾಕ್ಲೇ ಇಲ್ಲ! ನಾನೇ ಹಾಕ್ದೆ! ನನ್ನ ಮೇಲೆ ಅಷ್ಟು ನಂಬಿಕೆ ಬಂತಾ ನಿಮಗೆ?"

"ಬಂತು," ಎಂದಳು ಬ್ರೇಕಮ್ಮ.

ಹುಡುಗಿ ಅಂಗಡಿಯ ಮುಂದೆ ಇಳಿಯುವಾಗ ಎರಡು ಸಲ ಥ್ಯಾಂಕ್ಸ್ ಹೇಳಿದಳು. ಎರಡನ್ನೂ ಕದ್ದ ವಸ್ತುವಿನಂತೆ ತೆಗೆದುಕೊಂಡು ಅವಳು ಸೀಟು ಬದಲಾಯಿಸಿ ಚಕ್ರದ ಹಿಂದೆ ಕೂತಳು. ಕನ್ನಡಿಯಲ್ಲಿ ಹಿಂದಿನ ಕಾರು ಕಾಣಿಸಿತು. ಬೇಕಾದ್ದಕ್ಕಿಂತ ತುಂಬ ಹಿಂದೆ. ಬೇಸಿಗೆಯಲ್ಲಿ ತಲೆಗೆ ಬಣ್ಣ ಹಚ್ಚುವುದನ್ನು ನಿಲ್ಲಿಸಿದ ಮೇಲೆ ಅವಳು ಇದನ್ನು ಗಮನಿಸಿದ್ದಳು. ಬಣ್ಣ ಬಿಟ್ಟದ್ದು ವೈರಾಗ್ಯದಿಂದೇನಲ್ಲ, ತುರಿಕೆಯಿಂದ. ಮೊದಮೊದಲು ಊರಿನವರಿಗೆ ಮರ್ಯಾದೆ ಬಂದಿದೆ ಎಂದುಕೊಂಡಿದ್ದಳು. ಆಮೇಲೆ ಒಂದು ದಿನ ಆ ಜಾಗದ ಅಳತೆ ಗುರುತು ಸಿಕ್ಕಿತು. ಅದು ಅವಳದೇ ಅಳತೆ. "ಮುಂದಿನ ಕಾರಲ್ಲಿ ಬೆಳ್ಳಗಿನ ತಲೆ ಕಂಡ್ರೆ ಎರಡು ಕಾರಿನಷ್ಟು ಜಾಗ ಬಿಡು. ಯಾವಾಗ ನಿಲ್ತಾರೋ, ಯಾವಾಗ ತಿರುಗ್ತಾರೋ, ಅವರಿಗೇ ಗೊತ್ತಿರಲ್ಲ." ಪ್ರತಿ ಶಿಷ್ಯನಿಗೂ ಇದನ್ನು ಹೇಳಿದ್ದಳು, ಪ್ರತಿ ಸಲವೂ ನಗು ಬಂದಿತ್ತು, ನಗುವ ಶಿಷ್ಯ ಹೆದರುವುದಿಲ್ಲ, ಹೆದರದ ಶಿಷ್ಯ ಬೇಗ ಕಲಿಯುತ್ತಾನೆ, ಪಾಠದ ಕ್ರಮವೇ ಅದು. ಕತ್ತು ಚಾಚಿ ಚಕ್ರ ಹಿಡಿಯುವ ಮುದುಕನನ್ನು ಅವಳು ಅಣಕಿಸಿ ತೋರಿಸುತ್ತಿದ್ದ ರೀತಿಗೆ ಬೇರೆ ಸ್ಕೂಲಿನವರೂ ಬಂದು ನೋಡುತ್ತಿದ್ದರು. ಈಗ ಊರಿಗೆ ಊರೇ ಶ್ರದ್ಧೆಯಿಂದ ಅವಳಿಗೆ ಎರಡು ಕಾರಿನ ಜಾಗ ಬಿಟ್ಟು ಬರುತ್ತಿತ್ತು. ಅವಳ ಶಿಷ್ಯರು ಮರೆಯುವವರಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆಯಲ್ಲಿ ಮಹಾರಾಣಿಯರಿಗೂ ಜಾಗ ಮಾಡಿಟ್ಟಿರುತ್ತಾರೆ. ಅಷ್ಟಾದರೂ ಒಂದು ಅನುಮಾನ ಅವಳನ್ನು ಬಿಡಲಿಲ್ಲ: ನಾನು ಹೇಳಿದ್ದು ನಿಜವಿದ್ದರೆ? ತಮಾಷೆಗೆಂದು ಹೇಳಿದ್ದು, ಆದರೆ ತಮಾಷೆಯೊಳಗೆ ನಿಜ ಇಲ್ಲವೆಂದು ಯಾರು ಹೇಳಬೇಕು? ಆ ಮುದುಕರಿಗೆ ಗೊತ್ತಿತ್ತೇ? ಗೊತ್ತಿರುವುದಿಲ್ಲ ಎಂಬುದೇ ತಾನೆ ಆ ತಮಾಷೆ. ತನಗೀಗ ಗೊತ್ತಿಲ್ಲದಿರುವುದು ಏನೇನೋ. ಗೇಟಿನ ಮುಂದೆ ಕಾರನ್ನು ರಸ್ತೆಯಲ್ಲೇ ನಿಲ್ಲಿಸಿ ಇಳಿದಳು. ಒಳಗೆ ತರುವ ಧೈರ್ಯ ಬರಲಿಲ್ಲ. ಎದುರು ಮನೆಯವಳು ಬಟ್ಟೆ ಹರವುವುದನ್ನು ನಿಲ್ಲಿಸಿ ನೋಡಿದಳು. ಬ್ರೇಕಮ್ಮ ಗೇಟಿನ ಕೀಯನ್ನು ಮರೆತು ಬಂದವಳಂತೆ ಸುಮ್ಮನೆ ಚೀಲದಲ್ಲಿ ಕೈಯಾಡಿಸಿದಳು. ಮರೆತವಳಂತೆ ನಟಿಸುವುದು ಇಷ್ಟು ಸುಲಭವೆಂದು ಗೊತ್ತಿರಲಿಲ್ಲ, ನೋಡಿದವರು ತಕ್ಷಣ ನಂಬಿಬಿಡುತ್ತಾರೆ.

ಗಂಡ ಪಾರ್ಕಿನಿಂದ ಬಂದು ಊಟಕ್ಕೆ ಮೊದಲಿನ ಬಿಸ್ಕತ್ತಿನಲ್ಲಿದ್ದ. ನೀರು ಸರಬರಾಜಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ಅಲ್ಲಿ ಎಂದೂ ಸಿಗದ ಬಡ್ತಿಯನ್ನು ಅವನು ಮುಪ್ಪಿನಲ್ಲಿ ಪಡೆದಿದ್ದ. ಐವತ್ತೈದಕ್ಕೇ "ನಮ್ಮಂಥ ವಯಸ್ಸಾದವರು" ಎಂದು ಅಭ್ಯಾಸ ಶುರುಮಾಡಿ, ಅರವತ್ತಾಗುವಷ್ಟರಲ್ಲಿ ಅದರಲ್ಲಿ ಪಳಗಿದ್ದ. ಬಸ್ಸಿನಲ್ಲಿ ಯಾರಾದರೂ ಎದ್ದು ಜಾಗ ಕೊಡುವ ತನಕ ಮೊಣಕಾಲು ಹಿಡಿದು ನಿಲ್ಲುತ್ತಿದ್ದ. ಮನೆಗೆ ಬಂದು ಅದೇ ಮೊಣಕಾಲಿನಲ್ಲಿ ಸ್ಟೂಲು ಹತ್ತಿ ಸೊಸೆ ಅಡಗಿಸಿಟ್ಟ ಬಿಸ್ಕತ್ತಿನ ಡಬ್ಬ ಇಳಿಸುತ್ತಿದ್ದ. ಅವಳ ಕೈಯಲ್ಲಿ ಡ್ರೈವಿಂಗ್ ಕಲಿಯಲಾಗದೆ ಬಿಟ್ಟ ಒಬ್ಬನೇ ಶಿಷ್ಯನೂ ಅವನೇ. ಎರಡನೆಯ ಗೇರಿನಲ್ಲಿ ಅವನಿಗೆ ನಿದ್ದೆ ಬರುತ್ತಿತ್ತು.

"ಇವತ್ತು ಸಂಜೆ ನಿನ್ನ ಪರೀಕ್ಷೆಯಂತೆ?" ಎಂದ. "ಬಿಟ್ಟುಬಿಡು ಮಹಾತಾಯಿ. ಮೆತ್ತನೆ ಕುರ್ಚಿ ಕೊಡ್ತಾರೆ, ಕೂತ್ಕೋ. ಊರು ಹೋಗು ಅನ್ನತ್ತೆ, ಕಾಡು ಬಾ ಅನ್ನತ್ತೆ, ಇನ್ನೂ ಏನು?"

"ಕಾಡಿಗೆ ನೀವು ಮೊದಲು ಹೋಗಿ ಜಾಗ ಹಿಡ್ಕೊಂಡಿರಿ. ನಾನು ಆಮೇಲೆ ಬರ್ತೀನಿ."

"ಆಯ್ತು, ಬಿಸ್ಕತ್ ತಗೊಂಡು ಹೋಗ್ತೀನಿ."

ಅವಳು ಅವನೆದುರು ಕೂತಳು. ಹೇಳಬಾರದೆಂದುಕೊಂಡಿದ್ದು ಹೊರಗೆ ಬಂತು. "ರೀ, ಇವತ್ತು ನಾನು ಬ್ರೇಕ್ ಹಾಕಲಿಲ್ಲ."

"ಅಬ್ಬ! ಒಂದು ದಿನವಾದ್ರೂ ಆ ಮಕ್ಕಳಿಗೆ ಕಾರು ಓಡಿಸೋಕೆ ಬಿಟ್ಯಲ್ಲ."

"ತಮಾಷೆ ಅಲ್ಲ. ಕಾಲು ಬರಲೇ ಇಲ್ಲ. ಮೊದಲು ಕಂಬ, ಈಗ ಕಾಲು. ವಯಸ್ಸಾಯ್ತು ಕಣ್ರೀ. ಅವರು ಹೇಳೋದು ಸರಿ ಇದೆ."

ಗಂಡ ಬಿಸ್ಕತ್ತು ಕೆಳಗಿಟ್ಟ. ಅದು ಅವನು ಸುಲಭದಲ್ಲಿ ಮಾಡುವ ಕೆಲಸವಲ್ಲ. "ಕಾಲಿನ ವಿಷಯ ನಂಗೊತ್ತಿಲ್ಲ. ಕಂಬಕ್ಕೂ ವಯಸ್ಸಿಗೂ ಏನೇ ಸಂಬಂಧ? ಆ ಕಂಬಕ್ಕೆ ನೀನು ಯಾವಾಗ ಗುದ್ದಿಲ್ಲ?"

"ಅಂದ್ರೆ?"

"ಇವನು ಹೊಟ್ಟೇಲಿದ್ದಾಗ ಗುದ್ದಿದೆ. ಹೊಟ್ಟೆ ಅಡ್ಡ ಬಂತು ಅಂದೆ. ಸರಿ. ಹೊಟ್ಟೆ ಹೋಯ್ತು, ಮತ್ತೆ ಗುದ್ದಿದೆ. ಕಂಬಾನೇ ಸರಿಯಾಗಿ ಕಟ್ಟಿಲ್ಲ ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನೀನು ಅಂದು ಸುಮ್ಮನಾಗಲಿಲ್ಲ, ಮೇಸ್ತ್ರಿನ ಕರೆಸಿ ನೆಲಾನೇ ಒಡೆಸಿದೆ. ಹೊಸ ಕಂಬ ಬಂತಾ? ಸುಣ್ಣ ಆರೋಕೆ ಮುಂಚೆ ಅದಕ್ಕೂ ಗುದ್ದಿದೆ. ಆವಾಗ ನಿಂಗೆ ವಯಸ್ಸಾಗಿತ್ತಾ?"

"ಸುಳ್ಳು."

"ನೀನು ಕಲಿಸೋದು ಚೆನ್ನಾಗಿ ಕಲಿಸ್ತೀಯ. ಊರಲ್ಲಿ ನಿನ್ನಂಥೋರಿಲ್ಲ. ಓಡಿಸೋದು ನಿಂಗೆ ಯಾವತ್ತೂ ಬಂದಿಲ್ಲ ಕಣೇ. ಇಷ್ಟು ವರ್ಷ ಬಾಯಿ ಮುಚ್ಕೊಂಡು ಕೂತಿದ್ದೆ. ಹೇಳಿದ್ರೆ ಇಳಿದು ನಡ್ಕೊಂಡು ಬನ್ನಿ ಅಂತಿದ್ದೆ."

ಅವಳಿಗೆ ಮೈಯೆಲ್ಲ ಉರಿಯಿತು. ಎರಡನೆಯ ಗೇರಿನಲ್ಲಿ ಗೊರಕೆ ಹೊಡೆದವನು ಹೇಳುತ್ತಿದ್ದಾನೆ. ಎದ್ದು ಅಂಗಳಕ್ಕೆ ಬಂದಳು. ಉರಿಯ ಅಡಿಯಲ್ಲಿ ಎಲ್ಲೋ ತಣ್ಣಗೆ ಏನೋ ಹರಿಯುತ್ತಿರುವುದನ್ನು ಒಪ್ಪಿಕೊಳ್ಳಲು ಇಷ್ಟವಿರಲಿಲ್ಲ. ಮನಸ್ಸು ಅದನ್ನೂ ಬಿಡಲಿಲ್ಲ: ಎಪ್ಪತ್ತು ದಾಟಿದ ಮುದುಕ, ಅವನ ನೆನಪನ್ನು ನಂಬುವುದಾದರೂ ಹೇಗೆ? ಹಾಗೆಂದುಕೊಂಡು ಎರಡು ಹೆಜ್ಜೆ ಹೋದವಳು ನಿಂತಳು. ಸೊಸೆಯ ದನಿ ತನ್ನ ತಲೆಯೊಳಗೇ ಇಷ್ಟು ಜೋರಾಗಿ ಕೇಳಿದ್ದಕ್ಕೆ ನಾಚಿಕೆಯಾಯಿತು. ಕಂಬದ ಬಳಿ ಬಗ್ಗಿದಳು. ಈ ವಾರವಿಡೀ ಆ ಗೀರಿನ ಕಡೆ ನೋಡದೆ ದಾಟಿದ್ದಳು, ಸಾಲ ಕೊಟ್ಟವನ ಮನೆಯ ಮುಂದೆ ದಾಟುವ ಹಾಗೆ. ಈಗ ನೋಡಿದಳು. ಸುಣ್ಣ ಚಕ್ಕೆಯೆದ್ದ ಕಡೆ ಕಾರಿನ ಬಿಳಿ ಬಣ್ಣ ಅಂಟಿತ್ತು. ಉಗುರಿನಿಂದ ಕೆರೆದಾಗ ಬಿಳಿಯ ಕೆಳಗೆ ಒಂದು ಪದರ ಸುಣ್ಣ, ಅದರ ಕೆಳಗೆ ಕೆಂಪು. ಕೆಂಪು ಕಾರು ಮಗ ಕಾಲೇಜಿಗೆ ಹೋಗುವಾಗ ಇದ್ದದ್ದು. ಇನ್ನೂ ಕೆರೆದಳು. ಮತ್ತೆ ಸುಣ್ಣ, ಅದರ ಕೆಳಗೆ ಮೊದಲ ಕಾರಿನ ನೀಲಿ. ಒಂದೇ ಎತ್ತರದಲ್ಲಿ, ಒಂದೇ ಕಡೆ. ಪ್ರತಿ ಸಲವೂ ಪಕ್ಕದ ಸೀಟಿನ ಬಾಗಿಲು. ಕಂಬವನ್ನು ಹಿಡಿದು ಅಲ್ಲೇ ನಿಂತು, ಕಣ್ಣು ಮುಚ್ಚಿ, ಕಾರಿನೊಳಗೆ ಕೂತವಳಂತೆ ನೆನೆದುಕೊಂಡಳು. ಅವಳ ಮೈಗೆ ಕಾರೆಂದರೆ ಪಕ್ಕದ ಸೀಟಿನಿಂದ ಅಳೆದದ್ದು. ತನ್ನ ಎಡ ಮೊಣಕೈಯ ಆಚೆ ಬಾಗಿಲು, ಮುಗಿಯಿತು. ಕಾರಿನ ಉಳಿದ ಅಗಲವೆಲ್ಲ ಇನ್ನೊಂದು ಕಡೆ, ಕಲಿಯುವವರ ಕಡೆ. ಚಕ್ರದ ಹಿಂದೆ ಕೂತಾಗಲೂ ಮೈ ಅದೇ ಅಳತೆ ಹಿಡಿದಿತ್ತು. ಕಾರು ಇಲ್ಲದ ಕಡೆ ಜಾಗ ಬಿಟ್ಟು, ಕಾರು ಇರುವ ಕಡೆ ಹೋಗಿ ಗುದ್ದುತ್ತಿತ್ತು. ಮೂವತ್ತರಲ್ಲೂ, ನಲವತ್ತೈದರಲ್ಲೂ, ಈಗಲೂ. ಮೂವತ್ತರಲ್ಲಿ ಅದಕ್ಕೆ ಅವಸರ ಎಂದರು, ನಲವತ್ತೈದರಲ್ಲಿ ಪಾಪ ಕೆಲಸ ಜಾಸ್ತಿ ಎಂದರು. ತಪ್ಪು ಕೂತಲ್ಲೇ ಕೂತಿತ್ತು, ಹೆಸರು ಮಾತ್ರ ಬದಲಾಗಿತ್ತು. ಅವಳಿಗೆ ಕಂಬವನ್ನು ತಬ್ಬಿಕೊಳ್ಳಬೇಕೆನಿಸಿತು. ಎದುರು ಮನೆಯವಳು ಇನ್ನೂ ನೋಡುತ್ತಿದ್ದಳು. ತಬ್ಬಿದರೆ ತಲೆ ನೋಡುವ ವೈದ್ಯರನ್ನೇ ಕರೆಸುತ್ತಾರೆ. ಒಳಗೆ ಹೋಗುವಾಗ ಒಂದು ಯೋಚನೆ ಮತ್ತೆ ಕಚ್ಚಿತು. ಕಂಬದ್ದು ಸರಿ ಹೋಯಿತು. ಕಾಲಿನದು?

ಸಂಜೆ ಗ್ರೌಂಡಿನಲ್ಲಿ ಮಗ ಪ್ಲಾಸ್ಟಿಕ್ಕಿನ ಕಿತ್ತಳೆ ಕೋನುಗಳನ್ನು ಸಾಲಾಗಿ ಇಟ್ಟಿದ್ದ. ಪಕ್ಕದ ಸೀಟನ್ನು ಹಿಂದಕ್ಕೆ ಸರಿಸಿ ಕೂತ. ಅವಳ ಮೈಯ ಗುಂಡಿ ಬಿದ್ದ ಸೀಟಿನಲ್ಲಿ ಅವನ ಭಾರೀ ಮೈ ಅತ್ತಿತ್ತ ಜಾಗ ಹುಡುಕಿತು. ಸೊಸೆ ಹಿಂದೆ ಕೂತಿದ್ದಳು. ಮಾರ್ಕೆಟ್ಟಿಗೆ ಹೋಗುವ ದಾರಿ ಎಂದು ಬಂದವಳು, ಸಾಕ್ಷಿಗೆಂದು ಬಂದವಳೆಂದು ಮೂವರಿಗೂ ಗೊತ್ತಿತ್ತು. ಬ್ರೇಕಮ್ಮ ಚಕ್ರ ಹಿಡಿದು ಹೊರಟಳು. ಮೊದಲ ಕೋನಿಗೆ ಇನ್ನೂ ದೂರವಿದ್ದಾಗಲೇ ಕಾರು ಮುಗ್ಗರಿಸಿತು. ಮಗ ಒತ್ತಿದ್ದ. "ಸಾರಿ ಅಮ್ಮ, ಹೋಗು." ಮತ್ತೆ ಹೊರಟಳು. ಮತ್ತೆ ಒತ್ತಿದ. ತನ್ನ ಕಾಲ ಕೆಳಗೆ ತನ್ನದಲ್ಲದ ಕಾಲು ಬಂದು ಕಾರನ್ನು ಕಸಿದುಕೊಳ್ಳುವುದು ಹೀಗಿರುತ್ತದೆಂದು ಅವಳಿಗೆ ಇಷ್ಟು ವರ್ಷ ತಿಳಿದಿರಲಿಲ್ಲ. ಸಾವಿರಾರು ಜನಕ್ಕೆ ಇದನ್ನು ಮಾಡಿದ್ದಳು. ಹೇಗೆ ಸಹಿಸಿದರೋ ಪಾಪದವರು. ಮೂರನೆಯ ಸಲ ಅವನು ಒತ್ತುವ ಮೊದಲೇ ಅವಳು ಒತ್ತುತ್ತಾನೆಂದು ಕಾದಳು, ಕಾದದ್ದರಿಂದ ಚಕ್ರ ತಿರುಗಿಸುವುದು ತಡವಾಯಿತು, ಪಕ್ಕದ ಬಾಗಿಲಿನ ಕಡೆ ಕೋನೊಂದು ಡಬ್ಬೆಂದು ಬಿತ್ತು.

"ಅತ್ತೇ! ಕೋನ್ ಬಿತ್ತು!" ಎಂದಳು ಸೊಸೆ.

"ಗೊತ್ತಾಯ್ತಮ್ಮ. ಬೀಳಿಸಿದ್ದು ನಾನೇ."

ಮಗ ಮುಂದಿನ ಗಾಜಿನಲ್ಲೇ ಕಣ್ಣಿಟ್ಟು, ಬಹಳ ಹೊತ್ತಿನಿಂದ ತಯಾರಿಸಿಟ್ಟಿದ್ದ ದನಿಯಲ್ಲಿ ಹೇಳಿದ: "ಅಮ್ಮ, ಇದರಲ್ಲಿ ಬೇಜಾರು ಮಾಡ್ಕೊಳ್ಳೋಕೆ ಏನಿಲ್ಲ. ವಯಸ್ಸಾದ್ಮೇಲೆ ಎಲ್ಲರಿಗೂ—"

"ವಯಸ್ಸಲ್ಲ ಕಣೋ," ಎಂದಳು. ನಗು ತಡೆಯಲಾಗಲಿಲ್ಲ. "ಇದು ನಾನೇ. ನಂಗೆ ಓಡಿಸೋಕೆ ಬರಲ್ಲ."

ಮಗ ಗಾಜಿನಿಂದ ಕಣ್ಣು ತೆಗೆದು ಅವಳ ಕಡೆ ತಿರುಗಿದ.

"ನಿಮ್ಮಪ್ಪನ್ನ ಕೇಳು. ಕಂಬಾನ ಕೇಳು. ನೀನು ಹೊಟ್ಟೇಲಿದ್ದಾಗಿಂದ ಗುದ್ದಿದ್ದೀನಿ. ನೀನು ನನ್ನನ್ನ ತಪ್ಪು ಸೀಟಲ್ಲಿ ಕೂರಿಸಿ ಪರೀಕ್ಷೆ ಮಾಡ್ತಿದ್ದೀಯ. ತಗೋ ಕೀ. ಇನ್ಮೇಲೆ ಕಾರನ್ನ ಮನೆಗೆ ನಾನು ತರಲ್ಲ, ಕಲಿಯೋರ ಕೈಲೇ ತರಿಸ್ತೀನಿ, ಅವರಿಗೂ ಗೇಟು ಅಭ್ಯಾಸ ಆಗತ್ತೆ. ಕೀ ನೀನಿಟ್ಕೋ, ಬ್ರೇಕ್ ನಂದು. ಎದ್ದೇಳು ಅಲ್ಲಿಂದ."

"ಅಮ್ಮ, ಸುಮ್ನೆ ಹಠ—"

"ಎದ್ದೇಳೋ. ಮನೆಗಾದ್ರೂ ಹೋಗ್ಬೇಕಲ್ಲ."

ಸೀಟು ಬದಲಾಯಿತು. ಅವಳು ಸೀಟನ್ನು ಮುಂದಕ್ಕೆ ಎಳೆದು ಗುಂಡಿಯಲ್ಲಿ ಕೂತಳು. ಬಾಯಿ ಅಷ್ಟು ಧೈರ್ಯ ಮಾಡಿತ್ತು, ಎದೆ ಮಾಡಿರಲಿಲ್ಲ. ಬೆಳಗಿನ ಏಣಿ ಎದೆಯಲ್ಲಿ ಅಡ್ಡ ನಿಂತಿತ್ತು. ಕಾಲನ್ನು ಬ್ರೇಕಿನ ಮೇಲಿಟ್ಟಳು, ಇಟ್ಟೆನೇ ಎಂದು ನೋಡಿದಳು. ಮಗ ಗ್ರೌಂಡು ದಾಟಿ ರಸ್ತೆಗೆ ಬಂದ. ಹಿಂದೆ ಸೊಸೆ, ಯಾವುದೋ ನಿಜವನ್ನು ಕೇಳಿ ಅದಕ್ಕೆ ಎಷ್ಟು ಜೋರಾಗಿ ಉತ್ತರಿಸಬೇಕೆಂದು ತಿಳಿಯದೆ, ಸಾಮಾನ್ಯ ದನಿಯಲ್ಲಿ "ಅತ್ತೆ, ಟೊಮೇಟೊ ತಗೋಬೇಕಾ?" ಎಂದಳು. ಎಷ್ಟು ಬೇಕು, ಮನೆಯಲ್ಲಿ ಎಷ್ಟಿದೆ, ಕಳೆದ ವಾರ ತಂದದ್ದು ಗಟ್ಟಿಯಿತ್ತಲ್ಲ ಎಂದು ಅತ್ತೆ ಹೇಳುತ್ತಿದ್ದಳು, ಮಗ ಯಾವ ಅಂಗಡಿಯದು ಎಂದು ಕೇಳುತ್ತಿದ್ದ, ಅವಳು ಆ ಮೂಲೆಯದು, ತಕ್ಕಡಿ ಮೇಲೆ ಬೆರಳಿಡುವವನದು ಎನ್ನುತ್ತಿದ್ದಳು, ಅಷ್ಟರಲ್ಲಿ ಕಾರು ನೆಲಕ್ಕೆ ಮೊಳೆ ಹೊಡೆದಂತೆ ನಿಂತಿತು. ಮೂವರೂ ಮುಂದಕ್ಕೆ ವಾಲಿದರು. ಎಂಜಿನ್ ಆರಿತು.

"ಏನಮ್ಮಾ!"

ಕಾರಿನ ಮೂತಿಯ ಮುಂದೆ ಒಂದು ಖಾಲಿ ರಟ್ಟಿನ ಡಬ್ಬ ಗಾಳಿಗೆ ಉರುಳಿ ಆಚೆ ಬದಿಗೆ ಹೋಯಿತು.

"ಡಬ್ಬ ಅಮ್ಮ ಅದು! ಖಾಲಿ ಡಬ್ಬ! ನಾನು ನೋಡಿದ್ದೆ!"

ಅವಳು ಕಾಲನ್ನು ನೋಡಿದಳು. ಅದು ಬ್ರೇಕಿನ ಮೇಲೆ ಪೂರ್ತಿ ಇಳಿದು ಗಟ್ಟಿಯಾಗಿ ಕೂತಿತ್ತು. ಯಾವಾಗ ಹೋಯಿತೋ ಅವಳಿಗೆ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ, ಯಾರೂ ಹೇಳಿ ಕಳಿಸಿರಲಿಲ್ಲ. "ನೀನು ನೋಡಿದೆ," ಎಂದಳು. "ನಾನು ನಿಲ್ಲಿಸಿದೆ." ಖಾಲಿ ಡಬ್ಬವೊಂದು ಬದುಕಿಕೊಂಡಿತ್ತು. ಸಂತೋಷಕ್ಕೆ ಅಷ್ಟೇ ಸಾಕಾಗಿತ್ತು.

ಹಿಂದಿನಿಂದ ಹಾರ್ನು ಉದ್ದಕ್ಕೆ ಬಡಿದುಕೊಂಡಿತು. ಹಿಂದಿದ್ದ ಕಾರು ಪಕ್ಕಕ್ಕೆ ಬಂದು, ಕನ್ನಡಕ ತಲೆಗೇರಿಸಿದ ಹುಡುಗನೊಬ್ಬ ಗಾಜಿಳಿಸಿ ಕೂಗಿದ: "ಏನ್ ತಾತಾ! ರಸ್ತೆ ಮಧ್ಯೆ ಬ್ರೇಕಾ? ಕಾಲು ಬರಲ್ಲ ಅಂದ್ರೆ ಮನೇಲಿ ಕೂತ್ಕೋಬಾರ್ದಾ?" ಕೂಗಿದವನು ನೋಡುತ್ತಿದ್ದುದು ಮಗನನ್ನು. ಮಗನ ತಲೆಗೂದಲು ಮದುವೆಯಾದ ವರ್ಷದಿಂದಲೇ ಹಿಂದಕ್ಕೆ ಸರಿಯತೊಡಗಿ ಈಗ ನಡುನೆತ್ತಿ ದಾಟಿತ್ತು. ಸಂಜೆಯ ಬಿಸಿಲು ಬೋಳಿನ ಮೇಲೆ ಚೆನ್ನಾಗಿ ಬಿದ್ದಿತ್ತು. ಹುಡುಗ ಹೋದ. ಇನ್ನೂ ಯಾರ್ಯಾರೋ ಹಾರ್ನು ಬಡಿದರು.

"ಯಾರಿಗೆ ಅಂದಿದ್ದು ಅವನು?" ಎಂದ ಮಗ.

ಮಗ ಕೀ ತಿರುಗಿಸಿದ. ಗೇರಿನಲ್ಲಿದ್ದ ಕಾರು ಒಂದು ಸಲ ಜಿಗಿದು ಸತ್ತಿತು. ಮತ್ತೆ ತಿರುಗಿಸಿದ, ಮತ್ತೆ ಜಿಗಿಯಿತು. ಡ್ರೈವಿಂಗ್ ಸ್ಕೂಲಿನ ಮಾಲೀಕ, ಊರಿನ ಅರ್ಧ ಜನಕ್ಕೆ ಕ್ಲಚ್ಚು ಎಂದರೇನೆಂದು ಕಲಿಸುವವನು, ತನ್ನ ಎಡಗಾಲು ಎಲ್ಲಿದೆಯೆಂದು ಕೆಳಗೆ ಬಗ್ಗಿ ನೋಡಿದ. ಕಿವಿ ಕೆಂಪಾಗಿತ್ತು. ಒಂದು ಕೈ ತಾನಾಗಿಯೇ ಮೇಲೆ ಹೋಗಿ ನೆತ್ತಿಯನ್ನು ಮುಟ್ಟಿ ಬಂತು. ಇಷ್ಟು ಹೊತ್ತಿಗೆ ಅವಳು ಹೊಟ್ಟೆ ಹಿಡಿದು ನಗಬೇಕಿತ್ತು, ನಗು ಗಂಟಲವರೆಗೆ ಬಂದೂ ಇತ್ತು. ಅವನ ಕಾಲು ಪೆಡಲಿನ ಮೇಲೆ ಹುಡುಕುತ್ತಿರುವ ರೀತಿಯನ್ನು ಕಂಡು ಅದನ್ನು ಅಲ್ಲೇ ನಿಲ್ಲಿಸಿದಳು. ಒಂದೇ ಮಾತಿಗೆ ಇಷ್ಟು. ಮುಖವನ್ನೂ ಸರಿಯಾಗಿ ನೋಡದೆ ಎಸೆದು ಹೋದದ್ದು.

"ನ್ಯೂಟ್ರಲ್‌ಗೆ ತಾ," ಎಂದಳು, ಮೊದಲ ದಿನದ ಶಿಷ್ಯರಿಗೆ ಹೇಳುವ ದನಿಯಲ್ಲಿ. "ಹ್ಞಾ. ಈಗ ಕ್ಲಚ್. ಪೂರ್ತಿ. ಹಾರ್ನ್ ಕೇಳಬೇಡ, ಅವರು ಕಾಯ್ತಾರೆ, ಕಾಯದೆ ಎಲ್ಲಿಗೆ ಹೋಗ್ತಾರೆ. ಕೀ ತಿರುಗಿಸು. ಫಸ್ಟ್ ಗೇರ್. ನಿಧಾನ. ಬಿಡು, ಬಿಡು, ಬಿಡು. ಸಾಕು."

ಕಾರು ಹೊರಟಿತು. ಸೊಸೆ ಕಿಟಕಿಯಾಚೆ ಬಹಳ ಆಸಕ್ತಿಯಿಂದ ಒಂದು ಗೋಡೆಯನ್ನು ನೋಡುತ್ತಿದ್ದಳು. ಸಿಗ್ನಲ್ಲು ದಾಟಿದ ಮೇಲೆ ಮಗ ಗಂಟಲು ಸರಿಮಾಡಿಕೊಂಡು, "ಸೋಮವಾರ ಆ ಮೆಡಿಕಲ್ ಶಾಪಿನ ಹುಡುಗಿಗೆ ಏನು ಮಾಡಿಸ್ತೀಯ, ರಿವರ್ಸಾ?" ಎಂದ.

"ರಿವರ್ಸು."

"ಹೊಸಬಳಿಗೆ ಸಂಜೆ ಬ್ಯಾಚ್ ಕೊಡ್ತೀನಿ."

"ಕೊಡು."

ಇನ್ನೊಂದು ತಿರುವು ಬಂತು. ಅವನು ಚೆನ್ನಾಗಿಯೇ ತಿರುಗಿಸಿದ, ಅವಳಿಗಿಂತ ಎಷ್ಟೋ ಚೆನ್ನಾಗಿ. ಆಮೇಲೆ ಕನ್ನಡಿಯನ್ನು ತುಸು ತನ್ನ ಕಡೆಗೆ ಓರೆ ಮಾಡಿ, ಬಹಳ ಮೆಲ್ಲಗೆ ಕೇಳಿದ: "ಅಮ್ಮ, ಹಿಂದಿನಿಂದ ನೋಡಿದ್ರೆ ನಾನು ಅಷ್ಟೊಂದು—"

"ರಸ್ತೆ ನೋಡು," ಎಂದಳು ಬ್ರೇಕಮ್ಮ.